ಮೂಲೆಯಲ್ಲೊಂದು ಬಿಳಿ ಗರಿ

"ಇದು ಬಟ್ಟೆ ಹಿಂಡಿ ಬಂದ ನೋವಲ್ಲ."

ಅವಳ ಬಲಗೈ ಅವನ ಎರಡು ಅಂಗೈಗಳ ನಡುವೆ ಇತ್ತು. ಹೆಬ್ಬೆರಳ ಬುಡದಲ್ಲಿ ಒಂದು ಕಡೆ ಅವನು ಮೆಲ್ಲಗೆ ಒತ್ತಿದ. ಅವಳು ತುಟಿ ಕಚ್ಚಿದಳೇ ಹೊರತು ಅಯ್ಯೋ ಎನ್ನಲಿಲ್ಲ. ಅಯ್ಯೋ ಎನ್ನುವುದು ಅವಳ ಜಾಯಮಾನವೇ ಅಲ್ಲ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

"ಹೂಂ."

ಎಷ್ಟು ಧೈರ್ಯ ಈ ಮನುಷ್ಯನಿಗೆ! ಅವಳು ಆಗ ಅವನ ಮುಖವನ್ನು ಸರಿಯಾಗಿ ನೋಡಿದಳು. ತಿಳಿನೀಲಿ ಕೋಟು, ಎದೆಯ ಮೇಲೆ 'ಫಿಸಿಯೊ' ಎಂಬ ಪಟ್ಟಿ, ಈಗಷ್ಟೇ ಎದ್ದು ಬಂದವನಂಥ ಶಾಂತ ಕಣ್ಣು. ಕೋಪ ಮಾಡಿಕೊಳ್ಳಬೇಕೆಂದು ಹೊರಟವಳಿಗೆ ಕೋಪ ಎಲ್ಲೋ ಅರ್ಧದಾರಿಯಲ್ಲಿ ಸಿಕ್ಕಿಕೊಂಡಿತು.

"ಯಾವ ಗೇಮ್?" ಎಂದ ಅವನು.

ಮೂವತ್ತರ ಹೆಂಗಸು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು, ಮನೆಗೆ ಹೋಗಿ ಗೇಮ್ ಆಡುತ್ತಾಳೆಂದು ಯಾರಿಗಾದರೂ ಹೇಳಿದರೆ ಸಾಕು, 'ಇನ್ನೂನಾ?' ಎಂದು ಹುಬ್ಬೇರಿಸುತ್ತಿದ್ದರು. ಇವನು ಹುಬ್ಬೇರಿಸಲಿಲ್ಲ. ಯಾವುದು ಎಂದಷ್ಟೇ ಕೇಳಿದ.

"ಕತ್ತಿ ಆಟ," ಎಂದಳು ತಗ್ಗಿದ ದನಿಯಲ್ಲಿ. "ಕುರುಡು ರಾಣಿ ಹತ್ರ ನಿಂತಿದೀನಿ."

ಅವನು ಸಣ್ಣಗೆ ಸಿಳ್ಳೆ ಹಾಕಿದ. "ಕುರುಡು ರಾಣಿನಾ! ಆ ಈಟಿಯವಳು! ಅವಳನ್ನ ದಾಟಿದವರನ್ನ ನಾನು ಕಂಡೇ ಇಲ್ಲ."

"ನೀವೂ ಆಡ್ತೀರಾ?"

"ದಿನಾ."

ಅವಳ ಮುಖ ಅರಳಿತು. ಈ ಬೆರಳು, ಈ ಸಿಳ್ಳೆ, ಈ ಕಣ್ಣು... ದೇವರೇ, ಇಷ್ಟು ಸುಲಭವಾಗಿ ಸಿಕ್ಕಿಬಿಡುತ್ತಾರಾ ನಮ್ಮ ಕಡೆಯವರು?

"ಏನಾಡ್ತೀರಾ ನೀವು?"

"ಹೊಲ."

"ಅಂದ್ರೆ?"

"ಒಂದು ಹೊಲ ಇದೆ. ಸೊಪ್ಪು ಬೆಳೀತೀನಿ. ಬೆಳಗ್ಗೆ ಎದ್ದು ನೀರು ಹಾಕ್ತೀನಿ. ಪಕ್ಕದಲ್ಲಿ ಕೆರೆ, ಬೇಜಾರಾದ್ರೆ ಮೀನು. ಒಂದೆರಡು ಕುರಿ ಇವೆ..."

ಅವಳು ಕೈ ಎಳೆದುಕೊಂಡಳು.

"ಅದು ಗೇಮಾ?"

"ಮತ್ತೆ?"

"ಸೊಪ್ಪು ಬೇಕಾದ್ರೆ ಮಾರ್ಕೆಟ್‌ಗೆ ಹೋಗ್ಬೇಕು ರೀ! ಅದಕ್ಕೆ ಯಾರಾದ್ರೂ ಕಂಟ್ರೋಲರ್ ಹಿಡೀತಾರಾ?"

ಅವನು ನಗುತ್ತ ಮತ್ತೆ ಕೈ ಚಾಚಿದ. "ಕಂಟ್ರೋಲರ್ ಹಿಡಿದೂ ನನ್ನ ಬೆರಳು ನೆಟ್ಟಗಿದೆ ನೋಡಿ. ಕೊಡಿ ಇಲ್ಲಿ ನಿಮ್ಮದನ್ನ."

ಕೊಟ್ಟಳು. ಮನಸ್ಸಿಲ್ಲದೆ ಕೊಟ್ಟಳು ಎಂದು ತನಗೆ ತಾನೇ ಹೇಳಿಕೊಂಡಳು.

ಹೊರಗಿನವರ ಕಣ್ಣಿಗೆ ಇವರೆಲ್ಲ ಒಂದೇ ಜಾತಿ: ಟೀವಿ ಮುಂದೆ ಕೂತು ವಯಸ್ಸು ಕಳೆಯುವ ದೊಡ್ಡ ಮಕ್ಕಳು. ಒಳಗೆ ಹೊಕ್ಕು ನೋಡಿದರೆ ತಾನೆ ಗೊತ್ತಾಗುವುದು, ಮನೆಗೊಂದು ಮಡಿ, ಕೋಣೆಗೊಂದು ಮೈಲಿಗೆ! ಕತ್ತಿಯವರಿಗೆ ಬಂದೂಕಿನವರನ್ನು ಕಂಡರಾಗದು. ಬಂದೂಕಿನವರಿಗೆ ಕಾರು ಓಡಿಸುವವರೆಂದರೆ ನಗೆಪಾಟಲು. ಕಾರಿನವರ ಪ್ರಕಾರ ಒಗಟು ಬಿಡಿಸುವವರು ಮೇಷ್ಟರ ಬಾಲ ಹಿಡಿದವರು. ಒಗಟಿನವರ ಲೆಕ್ಕದಲ್ಲಿ ಕಥೆ ಕೇಳುತ್ತ ಬಟನ್ ಒತ್ತುವವರು ಶುದ್ಧ ಸೋಮಾರಿಗಳು. ಇವರಷ್ಟೂ ಜನ ಜಗಳ ಬಿಟ್ಟು ಒಟ್ಟಾಗಿ ಉಗಿಯಲೆಂದೇ ಇದ್ದವರು ಹೊಲದವರು. ಆ ಹೊಲದವರೂ ಸುಮ್ಮನಿರಲಿಲ್ಲ. ಮೂಗು ಮುರಿಯಲು ತಮಗಿಂತ ಕೆಳಗೆ ಒಬ್ಬರನ್ನು ಹುಡುಕಿಕೊಂಡಿದ್ದರು: ಫೋನಿನಲ್ಲಿ ಬಣ್ಣದ ಹರಳು ಜೋಡಿಸುವ ಚಿಕ್ಕಮ್ಮಂದಿರು.

ಅಂಥ ಒಬ್ಬ ಚಿಕ್ಕಮ್ಮ ಅವಳ ಮನೆಯಲ್ಲೇ ಇದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು, ಅವಳನ್ನು ಸಾಕಿ ಬೆಳೆಸಿದವಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ದಿನವಿಡೀ ಟಿಣ್ ಟಿಣ್ ಎಂದು ಹರಳು ಒಡೆಯುವವಳು.

"ಚಿಕ್ಕಮ್ಮಾ, ಅದರ ಸೌಂಡ್ ಆಫ್ ಮಾಡು. ತಲೆ ಚಿಟ್ಟು ಹಿಡೀತಿದೆ."

"ನಿನ್ನ ಕತ್ತಿ ಖಣಖಣಕ್ಕಿಂತ ವಾಸಿ ಕಣೇ. ನಂದ್ರಲ್ಲಿ ಯಾರೂ ಸಾಯಲ್ಲ."

"ಅದು ಗೇಮೇ ಅಲ್ಲ!"

"ಆಯ್ತಮ್ಮ. ನಿಂದೇ ವೇದ."

ಭಾನುವಾರದ ಸಂಜೆ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ ಕತ್ತಿಯವರ ಕೂಟ ಸೇರುತ್ತಿತ್ತು. ಹರಿದ ಸೋಫಾ, ಗೋಡೆಯ ಮೇಲೆ ದೊಡ್ಡ ಪರದೆ, ಕೆಳಗಿನಿಂದ ಬರುವ ಶಾಯಿಯ ವಾಸನೆ. ಕೂಟಕ್ಕೆ ಹಿರಿಯ ಕಮಾಂಡರ್. ಹಗಲು ಬಚ್ಚಲುಮನೆಯ ಟೈಲ್ಸ್ ಮಾರುವವನು, ಅಲ್ಲಿಗೆ ಬಂದರೆ ಮಾತ್ರ ದಂಡನಾಯಕ. ಅವಳಿಗೆ ಆ ಕೂಟದವರು ಇಟ್ಟ ಹೆಸರು ಗರಗಸ. ಒಂದೇ ಕಡೆ ಹಿಂದೆ ಮುಂದೆ, ಹಿಂದೆ ಮುಂದೆ ಹೋಗಿ ಹೋಗಿ ಕೊನೆಗೆ ಕೊಯ್ದೇ ಬಿಡುವವಳು ಎಂದು. ಅವಳ ಬದುಕಿನಲ್ಲಿ ಅವಳೇ ಸಂಪಾದಿಸಿದ ಹೆಸರು ಅದೊಂದೇ.

ಆ ಹೆಸರಿಗೆ ಇನ್ನೂ ಜಗ್ಗದೆ ನಿಂತವಳು ಕುರುಡು ರಾಣಿ ಒಬ್ಬಳೇ.

ಫಿಸಿಯೊ ಹತ್ತಿರ ಅವಳು ಮತ್ತೆ ಮತ್ತೆ ಹೋದಳು. ಮೇಣದ ಬಿಸಿ, ರಬ್ಬರ್ ಉಂಡೆ, ಬೆರಳು ಮಡಚಿ ಬಿಡಿಸುವ ಪಾಠ. ಪ್ರತಿ ಸಲ ಅದೇ ಮಾತು.

"ನಿನ್ನೆ ಆಡಿದ್ರಾ?"

"ಇಲ್ಲ."

"ಬೆರಳು ಹೌದು ಅಂತಿದೆ."

"ಬೆರಳಿಗೆ ಬಾಯಿ ಜಾಸ್ತಿ."

"ಯಜಮಾನಿ ಹಾಗೇ!"

ನಗುತ್ತಿದ್ದಳು. ಮನೆಗೆ ಬಂದು ಹಲ್ಲುಜ್ಜುವಾಗ ನೆನೆದು ಮತ್ತೆ ನಗುತ್ತಿದ್ದಳು. ಥೂ, ಸೊಪ್ಪು ಬೆಳೆಯುವವನಿಗೆ ಇಷ್ಟು ನಗುವುದೇ ಎಂದು ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು.

ಒಂದು ದಿನ ಅವನು ಅವಳ ಕೈ ಬಿಟ್ಟು ಎದ್ದು ನಿಂತ. "ಇನ್ಮೇಲೆ ನಿಮ್ಮನ್ನ ನಮ್ಮ ಮೇಡಂ ನೋಡ್ತಾರೆ."

"ಯಾಕೆ? ನಾನೇನ್ ಮಾಡಿದೆ?"

"ನೀವಲ್ಲ, ನಾನು." ಅವನ ಕಿವಿ ಕೆಂಪಾಗಿತ್ತು. "ಕೈ ಹಿಡ್ಕೊಂಡಾಗ ನೋವು ಎಲ್ಲಿದೆ ಅಂತ ಹುಡುಕೋದು ನನ್ನ ಕೆಲಸ. ಇತ್ತೀಚೆಗೆ ಹುಡುಕೋದೇ ಮರ್ತುಹೋಗ್ತಿದೆ... ಬರೀ ಹಿಡ್ಕೊಂಡಿರ್ತೀನಿ."

ಅವಳು ಕೊಂಕು ನುಡಿಯದೆ ಒಂದು ಚೀಟಿಯಲ್ಲಿ ತನ್ನ ಮನೆಯ ವಿಳಾಸ ಬರೆದುಕೊಟ್ಟಳು. ಅದೇ ಮೊದಲು!

ಆಮೇಲೆ ಅವನು ಸಂಜೆಗಳಲ್ಲಿ ಮನೆಗೆ ಬರತೊಡಗಿದ. ಸೋಫಾದ ಈ ತುದಿಗೆ ಅವಳು, ದೊಡ್ಡ ಟೀವಿ, ಕುರುಡು ರಾಣಿ. ಆ ತುದಿಗೆ ಅವನು, ಅಂಗೈಯಗಲದ ಪುಟ್ಟ ಯಂತ್ರ, ಎರಡು ಕುರಿ. ಕಿಟಕಿಯ ಬಳಿ ಚಿಕ್ಕಮ್ಮ, ಟಿಣ್ ಟಿಣ್.

"ಏನು, ನಿನ್ನ ರಾಣಿ ಇವತ್ತೂ ಒದ್ದು ಕಳಿಸಿದ್ಲಾ?"

"ನಿನ್ನ ಕುರಿ ಇವತ್ತೂ ಮೇಯ್ತಾ? ಅಬ್ಬಬ್ಬಾ, ಎದೆ ನಡುಗುತ್ತೆ ನಂಗೆ!"

"ನೀನು ಆಡೋದು ಆಟ ಅಲ್ಲ, ಶಿಕ್ಷೆ."

"ನೀನು ಆಡೋದು ಆಟ ಅಲ್ಲ, ನಿದ್ದೆ."

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಚಿಕ್ಕಮ್ಮ 'ಗೆದ್ದೆ' ಎಂದು ಕೂಗಿದಾಗ ಇಬ್ಬರೂ ಒಟ್ಟಿಗೆ ಮುಖ ಮುಖ ನೋಡಿಕೊಂಡು ಕಿಸಕ್ಕೆನ್ನುತ್ತಿದ್ದರು. ಪ್ರೀತಿಯ ಎಷ್ಟೋ ಗಂಟುಗಳು ಹೀಗೆ ಮೂರನೆಯವರ ಬೆನ್ನ ಮೇಲೆಯೇ ಬೀಳುವುದು.

ಆದರೆ ಬಾಯಿಬಿಟ್ಟು ಹೇಳಬೇಕಾದ ಮಾತನ್ನು ಅವಳು ಹೇಳಿರಲಿಲ್ಲ. ಅವನೂ ಒತ್ತಾಯಿಸಿರಲಿಲ್ಲ. ರಾಣಿಯನ್ನು ಕೆಡವಿದ ದಿನ ಹೇಳುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು. ಸೋತವಳ ಬಾಯಲ್ಲಿ ಅಂಥ ಮಾತು ಯಾಕೆ ಬರಬೇಕು? ಗೆದ್ದವಳಾಗಿ ತಲೆಯೆತ್ತಿ ಹೇಳಬೇಕು...

ಆ ಶನಿವಾರ ಸಂಜೆ ಬೆರಳು ಕುಂಬಳದ ಮಿಡಿಯಂತೆ ಊದಿತ್ತು. ಎಷ್ಟು ಸಲ ಸತ್ತಳೋ ಲೆಕ್ಕವಿಲ್ಲ. ಆಟ ನಿಲ್ಲಿಸಿ, ಅಡುಗೆಮನೆಗೆ ಹೋಗಿ, ಐಸಿನ ತಟ್ಟೆಯಲ್ಲಿ ಕೈ ಅದ್ದಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಯಾರೂ ಇಲ್ಲದ ಕಡೆ ಮಾತ್ರ ಅವಳಿಗೆ ಅಯ್ಯೋ ಎನ್ನಲು ಬರುತ್ತಿತ್ತು.

ತಿರುಗಿ ಬಂದಾಗ ಅವನು ತಲೆ ತಗ್ಗಿಸಿ ಕುರಿಗಳನ್ನೇ ನೋಡುತ್ತಿದ್ದ.

"ಇದೊಂದ್ಸಲ," ಎಂದು ಕೂತಳು.

ರಾಣಿ ಈಟಿ ಎತ್ತಿದಳು. ಇವಳು ಪಕ್ಕಕ್ಕೆ ಸರಿದಳು. ಈಟಿ ತಾಕಿತು, ಆದರೂ ಉಸಿರು ಉಳಿಯಿತು! ಮತ್ತೆ ಹೊಡೆದಳು. ಮತ್ತೆ. ರಾಣಿಯ ಕಾಲು ಕುಸಿಯಿತು. ಇನ್ನೊಂದೇ ಏಟು... ಇನ್ನೊಂದು...

ರಾಣಿ ಬಿದ್ದಳು!

ಅವಳು ಕಿರುಚಿದ ರಭಸಕ್ಕೆ ಚಿಕ್ಕಮ್ಮನ ಫೋನು ನೆಲಕ್ಕೆ ಬಿತ್ತು. ಪರದೆಯ ಫೋಟೋ ತೆಗೆದಳು. ಸೋಫಾದ ಆ ತುದಿಗೆ ಹಾರಿ ಅವನ ಕುತ್ತಿಗೆಗೆ ಜೋತುಬಿದ್ದಳು. ಅಳು, ನಗು, ಎರಡೂ ಕಲಸಿಹೋಗಿತ್ತು.

"ನಂಗೆ ನೀನಂದ್ರೆ ಪ್ರೀತಿ! ಕೇಳಿಸ್ತಾ? ಹೇಳಿಬಿಟ್ಟೆ ನೋಡು, ಹೇಳಿಬಿಟ್ಟೆ!"

ಅವನ ಮುಖ ಬಿಳಿಚಿಕೊಂಡಿತ್ತು. "ನೋಡು, ನಿಂಗೊಂದು ಮಾತು..."

"ಈಗ ಬೇಡ!" ಎಂದು ಅವನ ಬಾಯಿ ಮುಚ್ಚಿದಳು. "ಇವತ್ತು ನನ್ನ ದಿನ. ನೀನೇನೂ ಹೇಳ್ಬೇಡ."

ಅವನು ಹೇಳಲಿಲ್ಲ. ಮುಚ್ಚಿದ ಬಾಯಿ ಮುಚ್ಚಿಯೇ ಇತ್ತು. ಎಷ್ಟು ಒಳ್ಳೆಯವರಾದರೇನು, ಹೇಡಿತನಕ್ಕೆ ಒಂದು ನೆಪ ಸಿಕ್ಕರೆ ಯಾರು ಬಿಡುತ್ತಾರೆ?

ಮರುದಿನ ಅವಳು ಅವನನ್ನೂ ಕೂಟಕ್ಕೆ ಕರೆದೊಯ್ದಳು. ಬಾಗಿಲಲ್ಲೇ ಒಬ್ಬ, "ಓಹೋ, ಸೊಪ್ಪಣ್ಣ ಬಂದ್ರು! ಕಟ್ಟು ಎಷ್ಟಣ್ಣ?" ಎಂದು ಕೇಳಿದ. ಅವನು ನಕ್ಕು ಸುಮ್ಮನಾದ. ಅವಳು ಫೋನನ್ನು ದೊಡ್ಡ ಪರದೆಗೆ ಜೋಡಿಸಿ, ಗೋಡೆಯಗಲಕ್ಕೆ ತನ್ನ ಗೆಲುವನ್ನು ತೆರೆದಿಟ್ಟಳು. ಕೋಣೆ ಒಂದು ಕ್ಷಣ ಬೆರಗಾಯಿತು.

ಕಮಾಂಡರ್ ಪರದೆಯ ಹತ್ತಿರ ಹೋಗಿ ಬಗ್ಗಿದ.

"ಗರಗಸಾ... ಮೂಲೆಯಲ್ಲಿ ಏನಮ್ಮಾ ಅದು?"

"ಎಲ್ಲಿ?"

"ಇಲ್ಲಿ. ಬಿಳಿ ಗರಿ."

ನಿಜ. ಪರದೆಯ ಕೆಳಮೂಲೆಯಲ್ಲಿ ಉಗುರಿನಷ್ಟು ಪುಟ್ಟ ಬಿಳಿ ಗರಿಯೊಂದಿತ್ತು. ಅವಳು ಅದನ್ನು ಹಿಂದೆಂದೂ ಕಂಡವಳಲ್ಲ. ಬಹುಮಾನವಿರಬಹುದು ಎಂದುಕೊಂಡಿದ್ದಳು, ಪಾಪ!

"ಅದು 'ಸುಲಭ' ಅನ್ನೋ ಗುರುತು," ಎಂದ ಕಮಾಂಡರ್, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಕಠಿಣದಲ್ಲಿ ಆಡೋರಿಗೆ ಬರಲ್ಲ. ಕೈಲಾಗ್ದೋರು ಸುಲಭಕ್ಕೆ ಇಳಿಸ್ಕೊಂಡ್ರೆ ಮಾತ್ರ ಬರುತ್ತೆ."

ಮೊದಲು ಒಬ್ಬ ನಕ್ಕ. ಆಮೇಲೆ ಇಡೀ ಕೋಣೆ.

"ಗರಗಸಕ್ಕೆ ಹಲ್ಲೇ ಇಲ್ಲ ಕಣ್ರೋ!"

"ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತ ಫೋಟೋ ಬೇರೆ!"

"ಸಾಧ್ಯವೇ ಇಲ್ಲ," ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ನಾನು ಆ ಮೆನುನೇ ತೆಗೆದಿಲ್ಲ. ಯಾವತ್ತೂ..."

"ಅವಳಿಗೆ ಗೊತ್ತಿಲ್ಲ," ಎಂಬ ದನಿ ಹಿಂದಿನಿಂದ ಬಂತು. "ಬದಲಾಯಿಸಿದ್ದು ನಾನು."

ನಗು ನಿಂತಿತು. ಅವಳು ಮೆಲ್ಲಗೆ ತಿರುಗಿದಳು.

"ನೀನು?"

"ಐಸ್ ಇಡೋಕೆ ಹೋಗಿದ್ದೆಯಲ್ಲ, ಆಗ. ನಿನ್ನ ಬೆರಳು ನೋಡೋಕಾಗ್ಲಿಲ್ಲ. ಹೇಳೋಣ ಅಂದ್ಕೊಂಡೆ, ಆದ್ರೆ..."

"ನನ್ನ ಮೇಲೆ ಕನಿಕರ ತೋರಿಸೋಕೆ ನೀನ್ಯಾರು?"

"ಕನಿಕರ ಅಲ್ಲ."

"ಮತ್ತೇನು? ಇವಳ ಕೈಲಿ ಆಗಲ್ಲ, ಪಾಪ, ಒಂದು ಮೆಟ್ಟಿಲು ಇಳಿಸಿಕೊಡೋಣ... ಇದಕ್ಕೆ ಏನಂತಾರೆ?" ಅವಳ ಕಣ್ಣು ಉರಿಯುತ್ತಿತ್ತು. "ಸೊಪ್ಪಿಗೆ ನೀರು ಹಾಕೋ ಕೈಯಲ್ಲಿ ನನ್ನ ಆಟ ಮುಟ್ಟಿದೆಯಲ್ಲ! ಸೋಲೋದು ಅಂದ್ರೇನು ಅಂತ ಗೊತ್ತಾ ನಿಂಗೆ? ನಿನ್ನ ಆಟದಲ್ಲಿ ಸೋಲೇ ಇಲ್ಲ. ನಿನ್ನ ಕುರಿಗೆ ಸಾಯೋಕೂ ಬರಲ್ಲ!"

ಕೋಣೆ ಮತ್ತೆ ನಕ್ಕಿತು. ಈ ಸಲ ಅವನನ್ನು ನೋಡಿ. ಆ ನಗು ತನ್ನ ಕಡೆ ನಿಂತಿದೆ ಎಂದು ಅವಳಿಗೆ ಒಂದು ಕ್ಷಣ ಹಿತವಾದದ್ದೂ ನಿಜ.

ಅವನು ತಲೆಯಾಡಿಸಿದ. "ಹೌದು. ಸಾಯಲ್ಲ." ಬಾಗಿಲ ತನಕ ಹೋದವನು ನಿಂತ. "ನಿನ್ನೆ ನೀನು ಹೇಳಿದ ಮಾತು..."

"ಅದು ಗೆದ್ದವಳು ಹೇಳಿದ್ದು," ಎಂದಳು ಕಡ್ಡಿ ಮುರಿದಂತೆ. "ಗೆದ್ದೇ ಇಲ್ಲ ಅಂದ್ಮೇಲೆ ಹೇಳಿದವಳೂ ಇಲ್ಲ."

ಅವನು ಮೆಟ್ಟಿಲಿಳಿದು ಹೋದ ಸದ್ದನ್ನು ಕೆಳಗಿನ ಪ್ರೆಸ್ಸಿನ ಯಂತ್ರ ನುಂಗಿಹಾಕಿತು.

ಆಮೇಲಿನ ದಿನಗಳಲ್ಲಿ ಅವಳು ಹಸಿದ ಹುಲಿಯಂತೆ ಆಡಿದಳು. ಗರಿಯನ್ನು ಕಿತ್ತೆಸೆದು, ಕಠಿಣಕ್ಕೆ ಏರಿಸಿ, ಮತ್ತೆ ರಾಣಿಯ ಮುಂದೆ ನಿಂತಳು. ನಿಜವಾಗಿ ಗೆಲ್ಲಬೇಕು. ಗೆದ್ದರೆ ಆ ಶನಿವಾರ ಅಳಿಸಿಹೋಗುತ್ತದೆ, ಆ ಮಾತು ಅಳಿಸಿಹೋಗುತ್ತದೆ, ಅವನ ಕುತ್ತಿಗೆಯ ಬಿಸಿ ಅಳಿಸಿಹೋಗುತ್ತದೆ... ಹೋಗಲಿಲ್ಲ. ಬೆರಳು ಮಾತ್ರ ಹೋಯಿತು.

ಅಂಗಡಿಯಲ್ಲಿ ಗಾಜನ್ನು ಉಜ್ಜುವ ಚಕ್ರಕ್ಕೆ ಒಡ್ಡಿ ಹಿಡಿದಿದ್ದಳು. ಹೆಬ್ಬೆರಳು ಹೇಳದೆ ಕೇಳದೆ ಹಿಡಿತ ಬಿಟ್ಟಿತು. ಗಾಜು ಹಾರಿ ಗೋಡೆಗೆ ಬಡಿದು ಚೂರಾಯಿತು.

ಅಂಗಡಿಯ ಯಜಮಾನಿ ಬೈಯಲಿಲ್ಲ. ಅದೇ ಹೆಚ್ಚು ನೋವಾದದ್ದು. "ಕೈ ಸರಿ ಮಾಡ್ಕೊಂಡು ಬಾ," ಎಂದರು. "ಅಲ್ಲಿ ತನಕ ಮೆಷಿನ್ ಮುಟ್ಬೇಡ. ಕೌಂಟರಲ್ಲಿ ಕೂತು ಡಬ್ಬಿ ಒರೆಸು."

ಮನೆಗೆ ಬಂದು ಸೋಫಾದ ಮೇಲೆ ಕುಸಿದಳು. ಚಿಕ್ಕಮ್ಮ ಹರಳಿನಿಂದ ಕಣ್ಣೆತ್ತಲಿಲ್ಲ.

"ಎಲ್ಲಾ ಅವನಿಂದ," ಎಂದಳು ಇವಳು. "ಜನರ ಮುಂದೆ ನನ್ನ ಮಾನ ಕಳೆದ."

"ಯಾವ ಜನ?"

"ನಮ್ಮ ಕೂಟದವರು," ಎಂದು ಗರಿಯ ಕಥೆಯನ್ನೆಲ್ಲ ಹೇಳಿದಳು.

"ಆ ಟೈಲ್ಸ್ ಮಾರೋನಾ?" ಟಿಣ್. "ಒಂದ್ ಮಾತು ಕೇಳ್ತೀನಿ. ಆ ಗರಿ ನಿಂಗೆ ಗೊತ್ತಿತ್ತಾ?"

"ಇಲ್ಲ. ನಾನು ಸುಲಭದಲ್ಲಿ ಆಡಿದ್ರೆ ತಾನೆ ಗೊತ್ತಿರೋಕೆ?"

"ಹಂಗಾದ್ರೆ ಆ ಟೈಲ್ಸ್ ಮಾರೋನಿಗೆ ಹೆಂಗೆ ಗೊತ್ತಾಯ್ತು?"

ಅವಳು ಸೋಫಾದಲ್ಲಿ ನೆಟ್ಟಗೆ ಕೂತಳು.

ನಗುತ್ತಿದ್ದ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಷ್ಟೂ ಜನಕ್ಕೆ ಆ ಗರಿ ಗೊತ್ತಿತ್ತು. ಒಬ್ಬನೂ 'ಅದೇನು' ಎಂದು ಕೇಳಲಿಲ್ಲ! ಅವರವರ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಅಷ್ಟೂ ದಂಡನಾಯಕರು ಗರಿ ಸಿಕ್ಕಿಸಿಕೊಂಡೇ ರಾಜ್ಯ ಗೆದ್ದವರು. ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಅವಳ ಎಲೆಯ ನೊಣ ಎತ್ತಿ ತೋರಿಸಿದವರು!

"ಥೂ," ಎಂದಳು. ಆಮೇಲೆ ತಡೆಯಲಾರದೆ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. "ಆದ್ರೂ ಚಿಕ್ಕಮ್ಮಾ, ಅವನು ಮಾಡಿದ್ದು ಸುಳ್ಳು ತಾನೆ? ಆ ಗೆಲುವು ಸುಳ್ಳು. ಆ ಖುಷಿಯಲ್ಲಿ ನಾನು ಹೇಳಿದ್ದೂ..."

"ಅವನು ಮಾಡಿದ್ದು ತಪ್ಪು. ನನ್ನ ಹರಳು ಯಾರಾದ್ರೂ ಮುಟ್ಟಿದ್ರೆ ನಾನೂ ಕೈ ಮುರೀತಿದ್ದೆ." ಚಿಕ್ಕಮ್ಮ ಮೊದಲ ಸಲ ಫೋನನ್ನು ಮಗುಚಿಟ್ಟಳು. "ಆದ್ರೆ ನೀನು ಆ ಸೋಫಾ ಹಾರಿ ಹೋಗಿ ಅವನ ಕುತ್ತಿಗೆಗೆ ಬಿದ್ಯಲ್ಲ ಪುಟ್ಟಿ, ಅದನ್ನೂ ಅವನೇ ಬಟನ್ ಒತ್ತಿ ಮಾಡಿಸಿದ್ನಾ?"

ಅವಳು ಸೋಫಾದ ಆ ಖಾಲಿ ತುದಿಯ ಕಡೆ ನೋಡಿದಳು.

"ಇಬ್ರೂ ಸೇರ್ಕೊಂಡು ನನ್ನ ನೋಡಿ ಕಿಸಿಕಿಸಿ ಅಂತಿದ್ರಿ," ಎಂದಳು ಚಿಕ್ಕಮ್ಮ, ಫೋನನ್ನು ಮತ್ತೆ ಎತ್ತಿಕೊಳ್ಳುತ್ತ. "ಏನೇ ಆದ್ರೂ ಮನೆ ತುಂಬಿತ್ತು. ಈಗ ಬರೀ ನನ್ನ ಟಿಣ್ ಟಿಣ್. ನಂಗೇ ಬೇಜಾರು."

ಅವಳು ಎದ್ದು ಟೀವಿ ಹಾಕಿದಳು. ಒಂದೇ ಒಂದು ಸಲ, ಎಂದುಕೊಂಡಳು. ಗೆಲ್ಲಲಿಕ್ಕಲ್ಲ, ನೋಡಲಿಕ್ಕೆ.

ರಾಣಿ ಈಟಿ ಎತ್ತಿದಳು. ಬೆರಳು ಏಳಲಿಲ್ಲ. ಮೊದಲ ಏಟಿಗೇ ಸತ್ತಳು. ಅವಳಷ್ಟು ಹೀನಾಯವಾಗಿ ಆ ಆಟದಲ್ಲಿ ಯಾರೂ ಸತ್ತಿರಲಿಕ್ಕಿಲ್ಲ.

ಪರದೆ ಕಪ್ಪಾಯಿತು. ಅವಳು ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡವಳಂತೆ ಕೂತಳು. ಸೋತಿದ್ದೇನೆ. ಪೂರ್ತಿ ಸೋತಿದ್ದೇನೆ. ಕೆಲಸವೂ ಕೈ ಬಿಡುವ ಹಾಗಿದೆ. ಈಗ ಹೇಳು, ಅವನು ಬೇಕಾ?

ಬೇಕು.

ಗೆದ್ದಾಗಿನಷ್ಟೇ ಬೇಕು... ಇಲ್ಲ, ಅದಕ್ಕಿಂತ ಹೆಚ್ಚು!

ಮರುದಿನ ಬೆಳಿಗ್ಗೆ ಫಿಸಿಯೊಥೆರಪಿ ಕೋಣೆಯಲ್ಲಿ ಅವನು ನಿವೃತ್ತ ಬಸ್ ಡ್ರೈವರ್ ಒಬ್ಬರನ್ನು ಮರದ ಮೆಟ್ಟಿಲು ಹತ್ತಿಸುತ್ತಿದ್ದ. ಗೋಡೆಗೆ ಒರಗಿಸಿಟ್ಟ, ಎಲ್ಲಿಗೂ ಹೋಗದ ಮೆಟ್ಟಿಲು. ಮೊಣಕಾಲಿನ ಆಪರೇಷನ್ ಆದವರು ಅದರ ಮೇಲೆ ಹತ್ತಿ ಇಳಿದು ಕಲಿಯಬೇಕು.

ಅವಳನ್ನು ಕಂಡು ಅವನ ಕೈ ಕಟಕಟೆಯ ಮೇಲೇ ನಿಂತುಬಿಟ್ಟಿತು.

"ಮೇಡಂ ಆ ಕೋಣೇಲಿದ್ದಾರೆ," ಎಂದ.

"ಕೈ ತೋರಿಸೋಕೆ ಬಂದಿಲ್ಲ."

"ಮತ್ತೆ?"

"ನಿನ್ನೆ ರಾಣಿ ಹತ್ರ ಹೋಗಿದ್ದೆ. ಒಂದೇ ಏಟಿಗೆ ಸತ್ತೆ."

"ನಿಂಗೆಷ್ಟು ಸಲ ಹೇಳಿದೀನಿ, ಆ ಬೆರಳಿಗೆ..."

"ಮಧ್ಯೆ ಮಾತಾಡ್ಬೇಡ! ಕಷ್ಟಪಟ್ಟು ಬಾಯಿಪಾಠ ಮಾಡ್ಕೊಂಡು ಬಂದಿದೀನಿ." ಅವಳು ಉಸಿರೆಳೆದುಕೊಂಡಳು. "ಆ ದಿನ ಗೆದ್ದವಳು ಹೇಳಿದ್ದು ಅಂದೆ. ಈಗ ಸೋತವಳು ಹೇಳ್ತಿದ್ದೀನಿ. ಅದೇ ಮಾತು. ಒಂದಕ್ಷರ ಬದಲಾಗಿಲ್ಲ."

ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಡ್ರೈವರ್ ಕೆಮ್ಮಿದರು. "ಅಪ್ಪಾ, ಹತ್ತಿಸಿದೆ. ಇಳಿಸೋದು ಯಾವಾಗ?"

"ಒಂದ್ನಿಮಿಷ ಅಣ್ಣಾ. ಕಟಕಟೆ ಹಿಡ್ಕೊಂಡಿರಿ."

"ಹಿಡ್ಕೊಂಡಿದೀನಿ ಕಣಯ್ಯ. ನೀನು ನಿಂದು ನೋಡ್ಕೊ."

ಅವನು ಅವಳ ಮುಂದೆ ಬಂದು ನಿಂತ. ಮುಖದಲ್ಲಿ ನಗುವಿರಲಿಲ್ಲ.

"ನಾನೂ ಒಂದು ಹೇಳ್ಬೇಕು. ಬೆರಳು ನೋಡೋಕಾಗ್ಲಿಲ್ಲ ಅಂದೆನಲ್ಲ, ಅದು ಅರ್ಧ ನಿಜ. ಇನ್ನರ್ಧ... ನಿನ್ನ ಆಟ ಅಂದ್ರೆ ನಂಗೆ ತಾತ್ಸಾರ ಇತ್ತು. ಹೇಗೆ ಗೆದ್ರೇನು, ಒಂದ್ಸಲ ಮುಗಿದ್ರೆ ಸಾಕು, ಇವಳು ನನ್ನ ಕಡೆ ತಿರುಗ್ತಾಳೆ ಅಂದ್ಕೊಂಡೆ. ನೀನು ಬಾಯಿಬಿಟ್ಟು ಥೂ ಅಂತಿದ್ದೆ. ನಾನು ನಗ್ತಾ ನಗ್ತಾ, ಒಳಗೊಳಗೇ ಅಂತಿದ್ದೆ. ನಂದೇ ಕೊಳಕು."

ಅವಳು ಅವನನ್ನೇ ನೋಡಿದಳು. ಇಷ್ಟು ದಿನ ಅವಳು ಮೃದು ಎಂದು ತಿಳಿದದ್ದರ ಕೆಳಗೆ ಇಂಥ ಒಂದು ಗಟ್ಟಿ ಕಲ್ಲೂ ಇತ್ತು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ವಿಚಿತ್ರವೆಂದರೆ, ಆ ಕಲ್ಲು ಕಂಡ ಮೇಲೆಯೇ ಅವನ ಮೇಲೆ ಭಾರ ಹಾಕಿ ನಿಲ್ಲಬಹುದು ಎನಿಸಿತು.

"ಇನ್ನೊಂದ್ಸಲ ನನ್ನ ಆಟ ಮುಟ್ಟಿದ್ರೆ?"

"ಮುಟ್ಟಲ್ಲ. ನೀನು ಸಾವಿರ ಸಲ ಸತ್ರೂ ಮುಟ್ಟಲ್ಲ. ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೆ."

"ನಾನು ಆ ಮಾತು ಎಲ್ಲರ ಮುಂದೆ ಹೇಳ್ಬಾರ್ದಿತ್ತು," ಎಂದಳು. "ಕುರಿ ವಿಷಯ."

"ಕುರಿಗಳು ಬೇಜಾರು ಮಾಡ್ಕೊಂಡಿಲ್ಲ."

"ಆದ್ರೂ ಅದು ಗೇಮಲ್ಲ."

"ನಿಂದೂ ಅಲ್ಲ."

"ಥೂ."

"ಥೂ."

ಇಬ್ಬರ ಕಣ್ಣಲ್ಲೂ ನೀರಿತ್ತು. ಡ್ರೈವರ್ ಅತ್ತ ಮುಖ ತಿರುಗಿಸಿ, ಕಿಟಕಿಯಾಚೆಯ ರಸ್ತೆಯಲ್ಲಿ ಯಾರೋ ಬಸ್ಸು ತಿರುಗಿಸುತ್ತಿದ್ದುದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಇನ್ನೊಂದ್ಸಲ ಹೇಳು," ಎಂದ ಅವನು, ತೀರಾ ಮೆಲ್ಲಗೆ.

"ಏನನ್ನ?"

"ಆ ಮಾತು. ಆ ದಿನ ಹೇಳಿದಾಗ ನಾನು ಕಳ್ಳನ ಹಾಗೆ ನಿಂತಿದ್ದೆ. ಕಿವಿಗೆ ಬಿತ್ತು, ಒಳಗೆ ಇಳೀಲೇ ಇಲ್ಲ."

ಅವಳು ಸುತ್ತ ನೋಡಿದಳು. ತಿಳಿನೀಲಿ ಕೋಟಿನ ಕಾಲರನ್ನು ಎಡಗೈಯಲ್ಲಿ ಹಿಡಿದು, ಅವನನ್ನು ತನ್ನ ಮುಖದ ಹತ್ತಿರಕ್ಕೆ ಬಗ್ಗಿಸಿಕೊಂಡಳು. ಈ ಸಲ ಕಿರುಚಲಿಲ್ಲ. ಅವಸರವಿರಲಿಲ್ಲ.

"ನಂಗೆ ನೀನಂದ್ರೆ ಪ್ರೀತಿ."

ಅವನು ಕಣ್ಣು ಮುಚ್ಚಿ ನಿಂತ.

"ಇಳೀತಾ?" ಎಂದಳು.

"ಇಳೀತಿದೆ... ನಿಧಾನಕ್ಕೆ."

"ಆಗ್ಲಿ. ನಾನು ಎಲ್ಲೂ ಹೋಗಲ್ಲ."